ತುಳುನಾಡಿನ ಜಿನಾಲಯಗಳು ಮತ್ತು ಸ್ಥಳೀಯ ಶಿಲ್ಪ-ವಾಣಿಜ್ಯಗಳ ಪೋಷಣೆ

ಭೋಗಭೂಮಿಯ ಕಾಲವು ಮುಗಿದು ಕಲ್ಪವೃಕ್ಷಗಳು ಕ್ಷೀಣಿಸತೊಡಗಿದಾಗ ಪ್ರಜೆಗಳು ದಿಕ್ಕು ತೋಚದೆ ನಾಭಿರಾಜನ ಬಳಿಗೆ ಬಂದರೆಂದೂ, ಅವನು ಅವರನ್ನು ತನ್ನ ಮಗನಾದ ವೃಷಭದೇವನ ಬಳಿಗೆ ಕಳುಹಿಸಿದನೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೂ ಅದನ್ನು ಅನುಸರಿಸಿ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ಈ ಪ್ರಸಂಗವಿದೆ. ಆದಿದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಉಪದೇಶಿಸಿದನು. ಧಾನ್ಯವನ್ನು ಹಂಚಿ ಕಳುಹಿಸಲಿಲ್ಲ. ಕೈಗೆ ಕೆಲಸವನ್ನು ಕಲಿಸಿದನು. ಪಂಚಕಲ್ಯಾಣ ಪ್ರತಿಷ್ಠೆಯಲ್ಲಿ ಆದಿಕುಮಾರನ ರಾಜ್ಯಾಭಿಷೇಕದ ವಿಧಿಯ ಸಂದರ್ಭದಲ್ಲಿ ಈ ಷಟ್ಕರ್ಮೋಪದೇಶವನ್ನು ನಾವು ಭಕ್ತಿಯಿಂದ ನೋಡುತ್ತೇವೆ. ಆದರೆ ಅದರ ಐತಿಹಾಸಿಕ ಅರ್ಥವನ್ನು ಕುರಿತು ಆಲೋಚಿಸುವುದು ವಿರಳ.

ಪ್ರತಿಯೊಂದು ನಾಡಿನಲ್ಲಿಯೂ ಆಗಾಗ ಕಲ್ಪವೃಕ್ಷಗಳು ಒಣಗುತ್ತವೆ. ಅರಸೊತ್ತಿಗೆಗಳು ಅಳಿಯುತ್ತವೆ, ಬಂದರುಗಳು ಹೂಳುತ್ತವೆ, ಭೂಮಿಯ ಒಡೆತನ ಬದಲಾಗುತ್ತದೆ, ಹಳೆಯ ಕಸುಬಿಗೆ ಗಿರಾಕಿ ಇಲ್ಲದಂತಾಗುತ್ತದೆ. ಅಂಥ ಸಮಯದಲ್ಲಿ ಸ್ಥಳೀಯವಾದ ಕೈಕೆಲಸವನ್ನೂ ವ್ಯಾಪಾರವನ್ನೂ ಪ್ರತಿಭೆಯನ್ನೂ ಎತ್ತಿ ಹಿಡಿದವರು ಯಾರು, ಹೇಗೆ ಹಿಡಿದರು ಎಂಬುದನ್ನು ತುಳುನಾಡಿನ ಜಿನಾಲಯಗಳ ಚರಿತ್ರೆಯ ಮೂಲಕ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ: ಒಳನಾಡಿನ ಪರಂಪರೆ

ತುಳುನಾಡಿಗೆ ಬರುವ ಮೊದಲು ಘಟ್ಟದ ಮೇಲಣ ಒಂದೆರಡು ನಿದರ್ಶನಗಳನ್ನು ಸ್ಮರಿಸುವುದು ಅವಶ್ಯ. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಬಾಲಕನೊಬ್ಬನು ವಿದ್ಯೆಯನ್ನು ಅರಸುತ್ತ ಗಂಗನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು. ಅವನೇ ಕವಿರತ್ನ ರನ್ನ. ಚಾವುಂಡರಾಯನ ಆಶ್ರಯ ಅವನಿಗೆ ದೊರೆಯಿತು. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೋತ್ಸಾಹದಿಂದ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಬೇಕಾಗಿದ್ದ ಹುಡುಗನಲ್ಲಿ ಕವಿಯನ್ನು ಕಂಡವರು ಇದ್ದುದರಿಂದಲೇ ಕನ್ನಡಕ್ಕೆ ರನ್ನನು ಸಿಕ್ಕಿದನು.

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳು. ನಾವು ಇದನ್ನು ಶಾಸ್ತ್ರದಾನವೆಂದೂ ಬಿಂಬದಾನವೆಂದೂ ಕೊಂಡಾಡುತ್ತೇವೆ, ಅದು ಯುಕ್ತವೇ. ಆದರೆ ಸಾವಿರ ಪ್ರತಿಗಳೆಂದರೆ ತಾಳೆಯೋಲೆಯನ್ನು ಹದಗೊಳಿಸುವವರು, ಕಂಠದಿಂದ ಅಕ್ಷರ ಕೊರೆಯುವವರು, ಓದಿ ತಿದ್ದುವವರು, ದಾರ ಪೋಣಿಸಿ ಕಟ್ಟುವವರು ಎಷ್ಟು ಮಂದಿ, ಎಷ್ಟು ಕಾಲ ದುಡಿದಿರಬೇಕು! ಒಬ್ಬ ಶ್ರಾವಿಕೆಯ ಸಂಕಲ್ಪವು ಒಂದು ಕಸುಬಿಗೆ ಉಸಿರಾಯಿತು. 1007ರ ಲಕ್ಕುಂಡಿಯ ಬ್ರಹ್ಮಜಿನಾಲಯವೂ ಇಂಥದೇ ಇನ್ನೊಂದು ಸಂಕಲ್ಪ.

ಶ್ರವಣಬೆಳಗೊಳದಲ್ಲಿ ಹೊಯ್ಸಳ ವಿಷ್ಣುವರ್ಧನನ ಕಾಲದ ರಾಜಶ್ರೇಷ್ಠಿಗಳಾದ ಪೊಯ್ಸಳಸೆಟ್ಟಿ ಮತ್ತು ನೇಮಿಸೆಟ್ಟಿಯರ ತಾಯಂದಿರಾದ ಮಾಚಿಕಬ್ಬೆ, ಶಾಂತಿಕಬ್ಬೆಯರು 1117ರಲ್ಲಿ ತೇರಿನ ಬಸದಿಯನ್ನು ಕಟ್ಟಿಸಿದರು. ವ್ಯಾಪಾರದಲ್ಲಿ ಗಳಿಸಿದ ಧನವು ಶಿಲ್ಪಿಯ ಉಳಿಗೆ ಕೆಲಸವಾಗಿ ಪರಿಣಮಿಸಿತು. ಅದೇ ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು-ಚಂದ್ರಗುಪ್ತರ ಚರಿತೆಯನ್ನು ಕೆತ್ತಿರುವ ಜಾಲಂಧ್ರದ ಮೇಲೆ ದಾಸೋಜನೆಂಬ ಶಿಲ್ಪಿಯ ಹೆಸರಿದೆ. ಬಸದಿಯ ಕಲ್ಲಿನ ಮೇಲೆ ಶಿಲ್ಪಿಯು ತನ್ನ ಹೆಸರನ್ನು ಕೆತ್ತಿಕೊಳ್ಳಲು ಅವಕಾಶವಿದ್ದಿತೆಂಬ ಈ ಸಂಗತಿಯು ಮುಂದೆ ಹೇಳಲಿರುವ ಮಾತಿಗೆ ಮುಖ್ಯವಾದುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಮೆಣಸು, ಅಕ್ಕಿ ಮತ್ತು ಸಾವಿರ ಕಂಬಗಳು

ಘಟ್ಟದ ಕೆಳಗಿನ ನಾಡಿನ ಆರ್ಥಿಕ ಜೀವನವು ಬೇರೆ ಬಗೆಯದು. ಘಟ್ಟದ ತಪ್ಪಲಿನ ಕರಿಮೆಣಸು, ಬೈಲುಗಳ ಅಕ್ಕಿ, ಬಾರಕೂರು, ಬಸರೂರು, ಮಂಗಳೂರು, ಭಟ್ಕಳಗಳ ಬಂದರು ಇವೇ ಅದರ ಆಧಾರಗಳು. ಅರಬ್ಬೀ ನಾಡಿನ ಹಡಗುಗಳು ಕುದುರೆಗಳನ್ನು ತಂದು ಮೆಣಸು, ಅಕ್ಕಿಗಳನ್ನು ಒಯ್ಯುತ್ತಿದ್ದವು. ಬಂದರಿಗೂ ಘಟ್ಟಕ್ಕೂ ನಡುವೆ ಇದ್ದ ಮೂಡಬಿದಿರೆಯಂಥ ಪೇಟೆಗಳಲ್ಲಿ ಸೆಟ್ಟರ ವಾಣಿಜ್ಯವು ಬೆಳೆಯಿತು.

ಈ ಸಂಪತ್ತಿನ ಫಲವೇ ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿ. ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1430ರ ಸುಮಾರಿನಲ್ಲಿ ಇದು ನಿರ್ಮಾಣವಾಯಿತು. ಇದನ್ನು ಒಬ್ಬ ಅರಸನು ತನ್ನ ಬೊಕ್ಕಸದಿಂದ ಕಟ್ಟಿಸಿದುದಲ್ಲ. ಊರಿನ ಸೆಟ್ಟರೂ ಶ್ರಾವಕ ಸಮುದಾಯವೂ ಕೂಡಿ ಕಟ್ಟಿಸಿದುದು. ಒಂದರಂತೆ ಇನ್ನೊಂದಿಲ್ಲ ಎನ್ನಲಾಗುವ ಇದರ ಕಂಬಗಳನ್ನು ನೋಡಿ ಯಾತ್ರಿಕರು ಬೆರಗಾಗುತ್ತಾರೆ. ಈ ವೈವಿಧ್ಯಕ್ಕೆ ಒಂದು ಕಾರಣವು ಸ್ಪಷ್ಟವಾಗಿದೆ. ಕಂಬ ಕಂಬಕ್ಕೂ ಹೊಸತನ್ನು ಯೋಚಿಸುವ ಸ್ವಾತಂತ್ರ್ಯ ಮತ್ತು ಅದಕ್ಕೆ ಬೇಕಾದಷ್ಟು ಕಾಲ, ಎರಡೂ ಶಿಲ್ಪಿಗಳಿಗೆ ಇದ್ದವು.

ಸ್ಥಳೀಯತೆಯ ಇನ್ನೊಂದು ಗುರುತು ಅದರ ಮಾಡಿನಲ್ಲಿದೆ. ಧೋ ಎಂದು ಸುರಿಯುವ ಕರಾವಳಿಯ ಮಳೆಗೆ ಬಯಲುಸೀಮೆಯ ಚಪ್ಪಟೆ ಛಾವಣಿಯು ನಿಲ್ಲದು. ಆದುದರಿಂದ ಈ ನಾಡಿನ ಕುಶಲಿಗಳು ತಮ್ಮ ಮನೆಗಳ ಇಳಿಮಾಡಿನ ಕ್ರಮವನ್ನೇ ಕಲ್ಲಿಗೂ ಅಳವಡಿಸಿದರು. ಮೇಲಿನ ಅಂತಸ್ತುಗಳಲ್ಲಿ ಮರವನ್ನು ಬಳಸಿದರು. ಕಲ್ಲುಕುಟಿಗ, ಬಡಗಿ, ಕಂಚುಗಾರ, ಕಮ್ಮಾರ ಈ ನಾಲ್ವರ ಕೈಗಳೂ ಒಂದೇ ಕಟ್ಟಡದಲ್ಲಿ ಸೇರಿದವು. ಗರ್ಭಗೃಹದ ಚಂದ್ರನಾಥಸ್ವಾಮಿಯ ಲೋಹಬಿಂಬವು ಎರಕದ ವಿದ್ಯೆಗೆ ಮುಕುಟಪ್ರಾಯವಾಗಿದೆ.

1451ರ ಸುಮಾರಿಗೆ ಸೇರಿದ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆಯ ಮತ್ತು ಚೀನೀ ರೀತಿಯ ಡ್ರಾಗನ್ನಿನ ಉಬ್ಬುಚಿತ್ರಗಳು ಕಾಣುತ್ತವೆ. ಆಫ್ರಿಕದ ಪ್ರಾಣಿಯೂ ಚೀನದ ಕಲ್ಪನೆಯೂ ಮೂಡಬಿದಿರೆಯ ಕಲ್ಲಿಗೆ ಬಂದುದು ಕಡಲ ವ್ಯಾಪಾರದ ಮೂಲಕವಲ್ಲದೆ ಬೇರೆ ಹೇಗೆ? ಊರ ಶಿಲ್ಪಿಯು ಊರಲ್ಲಿಯೇ ಇದ್ದು ಲೋಕವನ್ನು ಬಲ್ಲವನಾಗಿದ್ದನು. ಸ್ಥಳೀಯ ಪ್ರತಿಭೆಯ ಪೋಷಣೆಯೆಂದರೆ ಹೊರಗಿನದಕ್ಕೆ ಬಾಗಿಲು ಹಾಕುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇದೇ ತಲೆಮಾರಿನಲ್ಲಿ, ಮೂಡಬಿದಿರೆಗೆ ಸಮೀಪದ ಕಾರ್ಕಳದಲ್ಲಿ, 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನು ಲಲಿತಕೀರ್ತಿ ಮುನಿಗಳ ಉಪದೇಶದಂತೆ ಸುಮಾರು 42 ಅಡಿಯ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. 1436ರಲ್ಲಿ ಅದರ ಮುಂದೆ ಬ್ರಹ್ಮಸ್ತಂಭವು ನಿಂತಿತು. 1430, 1432, 1436, 1451 ಈ ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದು ದಿನದ ನಡಿಗೆಯ ದೂರದೊಳಗೆ ಇಪ್ಪತ್ತು ವರ್ಷಗಳ ಕಾಲ ಉಳಿಯ ಸದ್ದು ನಿಲ್ಲಲಿಲ್ಲವೆಂಬುದು ತಿಳಿಯುತ್ತದೆ. ತಂದೆಯು ಕಲಿತುದನ್ನು ಮಗನು ಕಲಿಯಲು ಇಷ್ಟು ಕಾಲ ಸಾಕು. ಈ ವಿದ್ಯೆಯು ಇಲ್ಲಿಯೇ ಬೇರು ಬಿಟ್ಟುದರಿಂದ, ಒಂದೂವರೆ ಶತಮಾನದ ಬಳಿಕ ಇಮ್ಮಡಿ ಭೈರರಸನಿಗೆ 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನೂ, ತಿಮ್ಮಣ್ಣಾಜಿಲನಿಗೆ 1604ರಲ್ಲಿ ವೇಣೂರಿನ 35 ಅಡಿಯ ಗೊಮ್ಮಟನನ್ನೂ ನಿರ್ಮಿಸುವುದು ಸಾಧ್ಯವಾಯಿತು.

ಬಂದರುಗಳ ಇಳಿತ

ಆದರೆ ಈ ಹೊತ್ತಿಗೆ ಕಡಲಿನ ಮೇಲೆ ಪೋರ್ಚುಗೀಸರ ಬಲವು ಏರಿತ್ತು. ಅವರ ರಹದಾರಿಯಿಲ್ಲದೆ ಹಡಗು ಹೊರಡುವಂತಿರಲಿಲ್ಲ. ಮೆಣಸಿನ ದರವನ್ನು ತಾವೇ ಗೊತ್ತುಮಾಡಲು ಅವರು ಹವಣಿಸಿದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರೇ ‘ಮೆಣಸಿನ ರಾಣಿ’ ಎಂದು ಕರೆದರು. ಉಳ್ಳಾಲದ ಚೌಟರ ಅಬ್ಬಕ್ಕದೇವಿಯು ಅವರ ಅಧೀನತೆಯನ್ನು ಒಪ್ಪದೆ ಹೋರಾಡಿದ ಕಥೆಯು ಎಲ್ಲರಿಗೂ ತಿಳಿದುದೇ. ಈ ಜೈನ ರಾಣಿಯರ ಹೋರಾಟವನ್ನು ಶೌರ್ಯದ ದೃಷ್ಟಿಯಿಂದ ಮಾತ್ರ ನೋಡಿದರೆ ಸಾಲದು. ತಮ್ಮ ನಾಡಿನ ಬೆಳೆಯನ್ನು ತಮ್ಮ ನಾಡಿನ ವ್ಯಾಪಾರಿಯು ತನಗೆ ಒಪ್ಪಿದ ಬೆಲೆಗೆ ಮಾರಬೇಕೆಂಬ ಹಕ್ಕಿಗಾಗಿಯೂ ಅದು ನಡೆಯಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು ಉಳ್ಳಾಲದ ರಾಣಿಯನ್ನು ಕಂಡಾಗ ಅವಳು ಸಿಂಹಾಸನದ ಮೇಲೆ ಕುಳಿತಿರಲಿಲ್ಲ. ನೀರಿನ ಕಾಲುವೆಗಳನ್ನು ತೋಡಿಸುವ ಕೆಲಸವನ್ನು ನೋಡಲು ಕಾಲ್ನಡಿಗೆಯಲ್ಲಿ ಬಂದಿದ್ದಳು. ವ್ಯಾಪಾರವು ಕುಗ್ಗುತ್ತಿದ್ದ ಕಾಲದಲ್ಲಿ ಕೃಷಿಯ ಕಡೆಗೆ ಗಮನವಿತ್ತ ಒಡತಿಯ ಚಿತ್ರವಿದು.

ಮುಂದೆ ಕೆಳದಿಯ ನಾಯಕರು, ಹೈದರ್-ಟಿಪ್ಪುಗಳು, 1799ರ ಬಳಿಕ ಇಂಗ್ಲಿಷರು ಬಂದರು. ಚೌಟ, ಬಂಗ, ಅಜಿಲ ಮೊದಲಾದ ಅರಸು ಮನೆತನಗಳಿಗೆ ಗೌರವವು ಉಳಿಯಿತೇ ಹೊರತು ಸಂಪತ್ತು ಉಳಿಯಲಿಲ್ಲ. ದೊಡ್ಡ ಜಿನಾಲಯಗಳ ನಿರ್ಮಾಣವು ನಿಂತಿತು. ಆದರೂ ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿರುವ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯನ್ನು ನೋಡಿದವರಿಗೆ ಕುಶಲತೆಯು ಮರದ ಕೆಲಸದಲ್ಲಿ ಹೇಗೆ ಬೆಳಗಿತೆಂಬುದು ತಿಳಿಯುತ್ತದೆ.

ಹಂಚು ಮತ್ತು ಪಿಗ್ಮಿ

19ನೆಯ ಶತಮಾನದಲ್ಲಿ ಹೊಸ ಬಗೆಯ ಉದ್ಯಮವು ಕಾಲಿಟ್ಟಿತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನದೀತೀರದ ಜೇಡಿಮಣ್ಣು, ಸುತ್ತಣ ಕಾಡಿನ ಸೌದೆ, ಊರಿನ ಕೆಲಸಗಾರರು ಎಲ್ಲವೂ ಇಲ್ಲಿಯವೇ. ಯಂತ್ರ ಮತ್ತು ವಿಧಾನ ಮಾತ್ರ ಹೊರಗಿನವು. ಕ್ರಮೇಣ ಸ್ಥಳೀಯರೇ ಕಾರ್ಖಾನೆಗಳನ್ನು ಸ್ಥಾಪಿಸಿದರು. ಮುಳಿಹುಲ್ಲಿನ ಮಾಡು ಹೋಗಿ ಗುತ್ತಿನ ಮನೆಗಳಿಗೂ ಅನೇಕ ಬಸದಿಗಳ ಚಂದ್ರಶಾಲೆಗಳಿಗೂ ಕೆಂಪು ಹಂಚು ಬಂದಿತು. ನಂತರ ಕಾಂಕ್ರೀಟಿನ ತಾರಸಿಯು ಪ್ರಚಾರಕ್ಕೆ ಬಂದು ಅದೇ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಒಂದು ಕಸುಬನ್ನು ಹಿಂದೆ ತಳ್ಳಿ ಬಂದ ಉದ್ಯಮವೇ ಇನ್ನೊಂದರ ಮುಂದೆ ಸೋಲುವುದನ್ನು ಈ ಜಿಲ್ಲೆಯ ಜನರು ಕಣ್ಣಾರೆ ಕಂಡಿದ್ದಾರೆ.

ಬಂಡವಾಳದ ಕ್ಷೇತ್ರದಲ್ಲಿ ಈ ಕರಾವಳಿಯ ಸಾಧನೆಯು ಭಾರತಕ್ಕೇ ಮಾದರಿಯಾದುದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನೂ, ಅದೇ ವರ್ಷ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಉಡುಪಿಯಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕಾದ ಸಂಸ್ಥೆಯನ್ನೂ ಸ್ಥಾಪಿಸಿದರು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇವರು ಸಿಂಡಿಕೇಟನ್ನು ಆರಂಭಿಸಿದುದಕ್ಕೆ ಕೈಮಗ್ಗದ ನೇಕಾರರ ಸಂಕಷ್ಟವೇ ಪ್ರೇರಣೆ. 1928ರಲ್ಲಿ ಬಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ಮೀನು ಮಾರುವವಳ, ಬೀಡಿ ಕಟ್ಟುವವಳ ಎರಡಾಣೆಯು ಕೂಡಿ ಪಕ್ಕದ ಅಂಗಡಿಯವನಿಗೆ ಸಾಲವಾಗಿ ಒದಗುತ್ತಿತ್ತು. ಊರ ಹಣವು ಊರ ಕೆಲಸಕ್ಕೆ ಬರುವ ಈ ಕ್ರಮವು ಹಿಂದೆ ಸೆಟ್ಟರು ಕೂಡಿ ಬಸದಿ ಕಟ್ಟಿದ ಕ್ರಮಕ್ಕೆ ತೀರ ದೂರವಾದುದಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಹೆಸರುಗಳು ಮರೆಯಾದವು, ಅವು ಕಲಿಸಿದ ಪಾಠವು ಮರೆಯಾಗಬಾರದು.

1974ರ ತಿರುವು ಮತ್ತು ಒಂದು ಶಿಲೆಯ ಕಥೆ

ನಮ್ಮ ಸಮಾಜದ ಮಟ್ಟಿಗೆ ಅತ್ಯಂತ ದೊಡ್ಡ ಬದಲಾವಣೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಆಯಿತು. ಗೇಣಿಯ ಭೂಮಿಯು ಉಳುವವನಿಗೆ ಸೇರಿತು. ತಲೆಮಾರುಗಳಿಂದ ದುಡಿದವರಿಗೆ ನ್ಯಾಯ ದೊರೆಯಿತೆಂಬುದನ್ನು ಒಪ್ಪಲೇಬೇಕು. ಅದರ ಜತೆಗೆ, ಗೇಣಿಯ ಅಕ್ಕಿಯಿಂದಲೇ ನಿತ್ಯಪೂಜೆ, ಉತ್ಸವ, ದುರಸ್ತಿಗಳು ನಡೆಯುತ್ತಿದ್ದ ಬಸದಿಗಳು ಸರಕಾರದ ವರ್ಷಾಶನವನ್ನು ನಂಬಬೇಕಾಯಿತೆಂಬುದೂ ನಿಜ. ಬಸದಿಯ ಉಂಬಳಿಯಿಂದ ಬದುಕುತ್ತಿದ್ದ ವಾದ್ಯದವರು, ಹೂವಿನವರು, ಬಡಗಿಗಳು, ಎಣ್ಣೆಯವರು ಬೇರೆ ದಾರಿಯನ್ನು ಹುಡುಕಿದರು. ಯುವಕರು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಿಗೆ ಹೊರಟರು.

ಆ ಪರಿವರ್ತನೆಯ ವರ್ಷಗಳಲ್ಲಿಯೇ ಕಾರ್ಕಳದಲ್ಲಿ ಒಂದು ಮಹಾಕಾರ್ಯವು ನಡೆಯಿತು. ಧರ್ಮಸ್ಥಳದ ಶ್ರೀ ರತ್ನವರ್ಮ ಹೆಗ್ಗಡೆಯವರು ಬಾಹುಬಲಿಯ ಮೂರ್ತಿಯೊಂದನ್ನು ಸ್ಥಾಪಿಸಲು ಸಂಕಲ್ಪಿಸಿ ಆ ಕೆಲಸವನ್ನು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರಿಗೆ ಒಪ್ಪಿಸಿದರು. 1604ರ ವೇಣೂರಿನ ಮೂರ್ತಿಯ ಬಳಿಕ ತುಳುನಾಡಿನಲ್ಲಿ ಇಷ್ಟು ದೊಡ್ಡ ಗೊಮ್ಮಟನನ್ನು ಕಡೆದವರಿರಲಿಲ್ಲ. 1896ರಲ್ಲಿ ಜನಿಸಿದ ಶೆಣೈಯವರಿಗೆ ಆಗ ಎಪ್ಪತ್ತು ದಾಟಿತ್ತು. ಅವರು ಜೈನರೂ ಅಲ್ಲ. ವಯಸ್ಸಾಗಲಿ ಮತವಾಗಲಿ ಅಡ್ಡಬರಲಿಲ್ಲ. ಬಲ್ಲ ಕೈ ಎಂಬುದೊಂದೇ ಪ್ರಮಾಣವಾಯಿತು. 39 ಅಡಿಯ ಏಕಶಿಲಾ ಮೂರ್ತಿಯು ಸಿದ್ಧವಾಗಿ 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿತು. 1968ರಲ್ಲಿ ರತ್ನವರ್ಮ ಹೆಗ್ಗಡೆಯವರು ಸ್ವರ್ಗಸ್ಥರಾಗಿದ್ದುದರಿಂದ ಡಾ. ವೀರೇಂದ್ರ ಹೆಗ್ಗಡೆಯವರು ತಂದೆಯ ಸಂಕಲ್ಪವನ್ನು ನೆರವೇರಿಸಿ 1982ರಲ್ಲಿ ಪ್ರತಿಷ್ಠೆಯನ್ನು ನಡೆಸಿದರು. ಗೋಪಾಲ ಶೆಣೈ ಅವರು ಅದನ್ನು ಕಂಡು 1985ರಲ್ಲಿ ತೀರಿಕೊಂಡರು.

ಈ ಘಟನೆಯನ್ನು ಬರಿಯ ಮೂರ್ತಿಪ್ರತಿಷ್ಠೆಯೆಂದು ಎಣಿಸಬಾರದು. ಒಂದು ದೊಡ್ಡ ಕೆಲಸವು ಬಂದುದರಿಂದ ಅದರ ಸುತ್ತ ಶಿಷ್ಯರು ತಯಾರಾದರು. ಕಾರ್ಕಳದ ಶಿಲ್ಪಶಾಲೆಗಳಿಗೆ ಹೆಸರು ಬಂದಿತು. ಮುಂದೆ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಕಾರ್ಕಳದ ಸಮೀಪದಲ್ಲಿಯೇ ಕಲ್ಲು, ಮರ, ಲೋಹಗಳ ಕೆತ್ತನೆಯನ್ನು ಕಲಿಸುವ ಸಂಸ್ಥೆಯೂ ತಲೆಯೆತ್ತಿತು.

ಪ್ರತಿಷ್ಠೆಯಾದ ಅದೇ 1982ನೆಯ ವರ್ಷ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಆರಂಭವಾಯಿತು. ಉಜಿರೆಯಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆಯು ಹುಟ್ಟಿತು. ಕೆಲಸವಿಲ್ಲದ ಗ್ರಾಮೀಣ ಯುವಕ ಯುವತಿಯರಿಗೆ ಊಟ ವಸತಿಗಳೊಡನೆ ಅಲ್ಪಾವಧಿಯ ತರಬೇತಿಯನ್ನು ಕೊಟ್ಟು, ಬಳಿಕ ಬ್ಯಾಂಕಿನ ಸಾಲ ದೊರೆಯುವವರೆಗೂ ಕೈಹಿಡಿದು ನಡೆಸುವುದು ಅದರ ಕ್ರಮ. ಕೇಂದ್ರ ಸರಕಾರವು ಇದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಿತು. ಭೂಮಿಯ ಮೂಲಕ ನಡೆಯುತ್ತಿದ್ದ ಪೋಷಣೆಯು ವಿದ್ಯೆಯ ಮೂಲಕ ನಡೆಯತೊಡಗಿತು.

ಇಂದಿನ ಕರ್ತವ್ಯ

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಇಷ್ಟು. ಜಿನಾಲಯವು ಶ್ರದ್ಧೆಯ ಕೇಂದ್ರವಾಗಿರುವಂತೆ ಊರ ಕುಶಲತೆಗೆ ಗಿರಾಕಿಯೂ ಗುರುಕುಲವೂ ಆಗಿತ್ತು. ಸಂಪತ್ತಿನ ಮೂಲವು ಮೆಣಸಿನಿಂದ ಗೇಣಿಗೆ, ಗೇಣಿಯಿಂದ ಸಂಬಳ-ವ್ಯಾಪಾರಗಳಿಗೆ ಬದಲಾಗಿದೆ. ಪೋಷಣೆಯ ಕರ್ತವ್ಯವು ಬದಲಾಗಿಲ್ಲ.

ಇಂದು ನಮ್ಮ ಊರುಗಳಲ್ಲಿ ಜೀರ್ಣೋದ್ಧಾರದ ಕಾರ್ಯಗಳು ಉತ್ಸಾಹದಿಂದ ನಡೆಯುತ್ತಿವೆ. ದೂರದ ಊರುಗಳಲ್ಲಿ ನೆಲೆಸಿದ ಬಂಧುಗಳು ಉದಾರವಾಗಿ ಧನಸಹಾಯ ಮಾಡುತ್ತಿದ್ದಾರೆ. ಆದರೆ ಹಲವೆಡೆಗಳಲ್ಲಿ ಹಳೆಯ ಶಿಲಾಮಾಡಿನ ಮೇಲೆ ಸಿಮೆಂಟು ಬೀಳುತ್ತದೆ. ಕಲ್ಲುಹಾಸನ್ನು ಕಿತ್ತು ನುಣುಪಾದ ಬಿಲ್ಲೆಗಳನ್ನು ಕೂರಿಸುತ್ತಾರೆ. ಬಿಂಬಗಳು ಸಿದ್ಧವಾಗಿಯೇ ದೂರದಿಂದ ಬರುತ್ತವೆ. ಉತ್ತರದ ಅಮೃತಶಿಲೆಯ ಬಿಂಬವೂ ಪೂಜ್ಯವೇ. ಅಲ್ಲಿಯ ಶಿಲ್ಪಿಯೂ ನಮ್ಮವನೇ. ಆದರೆ ಇಳಿಮಾಡಿನ ಕಲ್ಲುಚಪ್ಪಡಿಯನ್ನು ಸೋರದಂತೆ ಜೋಡಿಸಬಲ್ಲ ಕೈಗೆ ಹತ್ತು ವರ್ಷ ಕೆಲಸ ಸಿಗದಿದ್ದರೆ ಆ ವಿದ್ಯೆಯು ಅವನೊಡನೆಯೇ ಹೋಗುತ್ತದೆ. ಆಮೇಲೆ ಎಷ್ಟು ಹಣವಿದ್ದರೂ ಮೂಡಬಿದಿರೆಯ ಮಾಡನ್ನು ರಿಪೇರಿ ಮಾಡುವವರು ಸಿಕ್ಕುವುದಿಲ್ಲ.

ಆದುದರಿಂದ ಆಡಳಿತ ಮಂಡಳಿಗಳ ಮುಂದೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡಬಹುದು. ಜೀರ್ಣೋದ್ಧಾರಕ್ಕೆ ಮುನ್ನ ಸಮೀಪದ ಶಿಲ್ಪಿ, ಬಡಗಿಗಳ ಅಭಿಪ್ರಾಯವನ್ನು ಕೇಳಬೇಕು. ಅವಸರದ ಮುಹೂರ್ತವನ್ನು ಇಟ್ಟುಕೊಂಡು ‘ಇಲ್ಲಿ ಜನ ಸಿಗುವುದಿಲ್ಲ’ ಎನ್ನುವ ಬದಲು, ಒಂದೆರಡು ವರ್ಷ ಮೊದಲೇ ಕೆಲಸವನ್ನು ಒಪ್ಪಿಸಿ ಮುಂಗಡವನ್ನು ಕೊಡಬೇಕು. ಕೆಲಸ ಮುಗಿದ ಕೂಡಲೆ ಬಾಕಿಯನ್ನು ಸಲ್ಲಿಸಬೇಕು. ಪ್ರತಿಯೊಂದು ದೊಡ್ಡ ಕೆಲಸದಲ್ಲಿಯೂ ಒಬ್ಬ ಕಲಿಯುವ ಹುಡುಗನಿಗೆ, ಅವನು ಯಾವ ಜಾತಿಯವನೇ ಆಗಿರಲಿ, ಭತ್ಯೆಯನ್ನು ಗೊತ್ತುಮಾಡಬೇಕು. ಉತ್ಸವದ ಶಂಕರಪುರದ ಮಲ್ಲಿಗೆ, ಗಾಣದ ಎಣ್ಣೆ, ಕಂಚಿನ ಪಾತ್ರೆ, ಕೈಮಗ್ಗದ ವಸ್ತ್ರ, ಮುದ್ರಣ, ವಾದ್ಯ ಇವುಗಳಲ್ಲಿ ಸಾಧ್ಯವಾದಷ್ಟನ್ನು ಊರಿನವರಿಂದಲೇ ಕೊಳ್ಳಬೇಕು. ನಮ್ಮ ಮಕ್ಕಳಲ್ಲಿ ಚಿತ್ರ, ಶಿಲ್ಪ, ಲಿಪಿಜ್ಞಾನಗಳಲ್ಲಿ ಆಸಕ್ತಿಯುಳ್ಳವರಿಗೆ ವಿದ್ಯಾರ್ಥಿವೇತನವು ಇಂಜಿನಿಯರಿಂಗ್, ವೈದ್ಯಕೀಯಗಳಿಗೆ ದೊರೆಯುವಂತೆಯೇ ದೊರೆಯಬೇಕು.

ಕೊನೆಯದಾಗಿ ಇನ್ನೊಂದು. ಬಸದಿಗಳ ಗೋಡೆಯ ಮೇಲೆ ದಾನಿಗಳ ಹೆಸರನ್ನು ಕೆತ್ತಿಸುವುದು ವಾಡಿಕೆ, ಅದು ಸರಿಯಾದುದೇ. ಆ ಫಲಕದ ಕೆಳಗೆ ಕಲ್ಲನ್ನು ಕಡೆದವನ, ಮಾಡನ್ನು ಕಟ್ಟಿದವನ ಹೆಸರಿಗೂ ಒಂದು ಸಾಲನ್ನು ಬಿಡುವುದು ಉಚಿತ. ದಾಸೋಜನಿಗೆ ದೊರೆತ ಆ ಮನ್ನಣೆಯನ್ನು ಒಂಬತ್ತು ಶತಮಾನಗಳ ಬಳಿಕ ನಮ್ಮ ಕಾಲದ ಕುಶಲಿಗೆ ನಿರಾಕರಿಸಲು ಕಾರಣವಿಲ್ಲ. ಈ ಪ್ರತಿಷ್ಠಾ ಮಹೋತ್ಸವದ ಶುಭಾವಸರದಲ್ಲಿ ಶ್ರಾವಕ-ಶ್ರಾವಿಕೆಯರು ಇಂಥದೊಂದು ಸಂಕಲ್ಪವನ್ನು ಕೈಗೊಂಡರೆ, ಬರುವ ತಲೆಮಾರಿನವರು ಇನ್ನೊಂದು ಬಸದಿಯನ್ನು ಕಟ್ಟಲು ಹೊರಟಾಗ ಬೇಕಾದ ಕೈಗಳು ಈ ನಾಡಿನಲ್ಲಿಯೇ ದೊರೆಯುವುವು.